ಹದಿನಾಲ್ಕು ಕಿಲೋಮೀಟರಿನ ದಾರಿ

ದುಡಿದು ಬಾಳುವ ಮನುಷ್ಯನ ದಿನಗಳು ಎರಡು ಸ್ಥಳಗಳ ನಡುವೆ ಹಂಚಿಹೋಗುತ್ತವೆ. ಒಂದು ಅವನ ಮನೆ. ಇನ್ನೊಂದು ಅವನು ದುಡಿಯುವ ಜಾಗ. ಹಿಂದಿನ ಕಾಲದಲ್ಲಿ ಇವೆರಡರ ನಡುವೆ ಹೆಚ್ಚಿನ ಅಂತರವಿರಲಿಲ್ಲ. ರೈತನ ಹೊಲ ಊರಿನ ಅಂಚಿನಲ್ಲಿಯೇ ಇತ್ತು; ನೇಕಾರನ ಮಗ್ಗ ಮನೆಯೊಳಗೇ ಇತ್ತು; ಕಮ್ಮಾರನ ಕುಲುಮೆ ಮನೆಯ ಮುಂದೆಯೇ ಉರಿಯುತ್ತಿತ್ತು. ಇಂದಿನ ಸ್ಥಿತಿ ಹಾಗಿಲ್ಲ. ಶಿಕ್ಷಕರು, ದಾದಿಯರು, ಬ್ಯಾಂಕಿನ ನೌಕರರು, ಗಿರಣಿಯ ಕಾರ್ಮಿಕರು, ಅಂಗಡಿಗಳ ಗುಮಾಸ್ತರು ಹೀಗೆ ಅಸಂಖ್ಯ ಜನರು ಬೆಳಗಾದೊಡನೆ ಒಂದೂರಿನಿಂದ ಇನ್ನೊಂದೂರಿಗೆ ಹೊರಡುತ್ತಾರೆ, ಸಂಜೆಗೆ ಮರಳುತ್ತಾರೆ. ಈ ದಿನನಿತ್ಯದ ಓಡಾಟವನ್ನು ಯಾವ ವಾಹನದಲ್ಲಿ ಮಾಡಬೇಕು ಎಂಬುದು ಮೇಲುನೋಟಕ್ಕೆ ಚಿಕ್ಕ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಅದರ ಉತ್ತರವು ಕುಟುಂಬದ ಹಣವನ್ನೂ ಹೊತ್ತನ್ನೂ ಆರೋಗ್ಯವನ್ನೂ, ಕೆಲವೊಮ್ಮೆ ಪ್ರಾಣವನ್ನೂ ಮುಟ್ಟುತ್ತದೆ.

ರಾಯಚೂರು ಜಿಲ್ಲೆಯ ಸಿಂಧನೂರು ಇಂತಹ ಓಡಾಟದ ಊರು. ಒಂದು ಕಾಲಕ್ಕೆ ಇದು ಮಳೆಯನ್ನೇ ನಂಬಿದ ಎರೆ ಭೂಮಿಯ ಸೀಮೆಯಾಗಿತ್ತು. ಹೊಸಪೇಟೆಯ ಬಳಿ ತುಂಗಭದ್ರಾ ನದಿಗೆ ಕಟ್ಟಿದ ಅಣೆಕಟ್ಟು 1953ರಲ್ಲಿ ಪೂರ್ಣಗೊಂಡಿತು. ಅದರ ಎಡದಂಡೆ ಕಾಲುವೆಯ ನೀರು ಈ ಸೀಮೆಗೆ ಹರಿದ ಮೇಲೆ ನೆಲದ ಚಹರೆಯೇ ಬದಲಾಯಿತು. ಜೋಳ ಬೆಳೆಯುತ್ತಿದ್ದ ಬಯಲು ಭತ್ತದ ಗದ್ದೆಯಾಯಿತು. ಅಕ್ಕಿ ಗಿರಣಿಗಳು ತಲೆಯೆತ್ತಿದವು. ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬಂದ ರೈತರು ಕಾಲುವೆಗಳ ಬಳಿ ನೆಲೆಸಿದರು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೂ ಈ ತಾಲ್ಲೂಕಿನಲ್ಲಿ ಪುನರ್ವಸತಿ ದೊರೆಯಿತು. ಹೀಗೆ ಹುಟ್ಟಿಕೊಂಡ ಹೊಸ ಊರುಗಳನ್ನು ಜನರು 'ಕ್ಯಾಂಪ್' ಎಂದು ಕರೆದರು. ಆ ಹೆಸರು ಇಂದಿಗೂ ಉಳಿದಿದೆ.

ಹಳೆಯ ಊರುಗಳು ಹಳೆಯ ದಾರಿಗಳ ಮೇಲೆ ಬೆಳೆದವು; ಕ್ಯಾಂಪುಗಳು ನೀರು ಇದ್ದೆಡೆ ಬೆಳೆದವು. ಈ ವ್ಯತ್ಯಾಸದಲ್ಲಿಯೇ ಇಂದಿನ ಸಂಚಾರದ ತೊಡಕು ಅಡಗಿದೆ. ಸಿರುಗುಪ್ಪದ ಕಡೆಯಿಂದ ಸಿಂಧನೂರಿಗೆ ಬಂದು, ಅಶೋಕನ ಶಾಸನದಿಂದ ಹೆಸರಾದ ಮಸ್ಕಿಯ ಮೂಲಕ ಲಿಂಗಸುಗೂರಿಗೆ ಸಾಗುವ ಹೆದ್ದಾರಿಯಲ್ಲಿ ಬಸ್ಸುಗಳು ಮೇಲಿಂದ ಮೇಲೆ ಓಡಾಡುತ್ತವೆ. ಆದರೆ ಹೆದ್ದಾರಿಯಿಂದ ಕವಲೊಡೆದು ಕಾಲುವೆಯ ಪಕ್ಕದಲ್ಲಿ ಸಾಗುವ ಕಿರುದಾರಿಗಳ ಸ್ಥಿತಿ ಬೇರೆ. ಅವುಗಳಲ್ಲಿ ಕೆಲವು ಕಾಲುವೆಯ ತಪಾಸಣೆಗೆಂದು ಮಾಡಿದ ದಾರಿಗಳೇ ಹೊರತು ಬಸ್ಸಿಗೆಂದು ಮಾಡಿದವಲ್ಲ. 2024ರಲ್ಲಿ ಸಿಂಧನೂರಿಗೆ ರೈಲು ಬಂದಿತು. ದೂರದ ಪಯಣಕ್ಕೆ ಅದು ದೊಡ್ಡ ಅನುಕೂಲವೇ ಸರಿ. ಆದರೆ ಕ್ಯಾಂಪಿನ ಕಿರುದಾರಿಗೆ ರೈಲು ಬರಲಾರದು.

ಇಂತಹ ಊರಿನಲ್ಲಿ ವಾಸಿಸುವ ಒಬ್ಬ ಶಿಕ್ಷಕಿಯನ್ನು ಉದಾಹರಣೆಗಾಗಿ ಊಹಿಸಿಕೊಳ್ಳಬಹುದು. ಅವರ ಮನೆ ಸಿಂಧನೂರು ಪಟ್ಟಣದಲ್ಲಿದೆ. ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾರೆ. ಅವರು ಕಲಿಸುವ ಶಾಲೆ ಹದಿನಾಲ್ಕು ಕಿಲೋಮೀಟರ್ ದೂರದ ಒಂದು ಕ್ಯಾಂಪಿನಲ್ಲಿದೆ. ಮೊದಲ ಹತ್ತು ಕಿಲೋಮೀಟರ್ ಹೆದ್ದಾರಿ. ಅಲ್ಲಿ ಒಂದು ಕ್ರಾಸ್. ಆ ಕ್ರಾಸಿನಿಂದ ನಾಲ್ಕು ಕಿಲೋಮೀಟರ್ ಕಾಲುವೆಯ ದಾರಿ. ಕ್ಯಾಂಪಿಗೆ ನೇರವಾಗಿ ಹೋಗುವ ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಶಾಲೆ ಹತ್ತು ಗಂಟೆಗೆ ಆರಂಭವಾದರೂ ಅವರು ಎಂಟು ಗಂಟೆಗೇ ಮನೆ ಬಿಡಬೇಕು. ನಾಲ್ಕೂವರೆಗೆ ಶಾಲೆ ಬಿಟ್ಟರೂ ಆರೂಕಾಲಿನ ಬಸ್ಸಿಗೆ ಕಾಯಬೇಕು. ಮನೆ ಸೇರುವಾಗ ಏಳು ಗಂಟೆ. ಹೀಗಿರುವಾಗ ಅವರ ಮನಸ್ಸಿನಲ್ಲಿ, 'ಒಂದು ಚಿಕ್ಕ ಸ್ಕೂಟರನ್ನು ಕೊಂಡರೆ ಹೇಗೆ?' ಎಂಬ ವಿಚಾರ ಸುಳಿದರೆ ಆಶ್ಚರ್ಯವಿಲ್ಲ.

ಅವರು ಕೊಳ್ಳಬೇಕೆಂದಿರುವ ವಾಹನದ ಚರಿತ್ರೆಯನ್ನು ಸಂಕ್ಷೇಪವಾಗಿ ತಿಳಿಯುವುದು ಉಪಯುಕ್ತ. ಎರಡನೆಯ ಮಹಾಯುದ್ಧದ ತರುವಾಯ ಯುರೋಪಿನ ಜನರ ಕೈಯಲ್ಲಿ ಕಾರು ಕೊಳ್ಳುವಷ್ಟು ಹಣವಿರಲಿಲ್ಲ. ಆಗ, 1946ರಲ್ಲಿ, ಇಟಲಿಯ ಪಿಯಾಜಿಯೋ ಸಂಸ್ಥೆಯು ವೆಸ್ಪಾ ಎಂಬ ಸ್ಕೂಟರನ್ನು ಹೊರತಂದಿತು. ಅದಕ್ಕಿಂತಲೂ ಹಗುರವಾದ, ಸೈಕಲ್ಲಿಗೆ ಚಿಕ್ಕ ಯಂತ್ರವನ್ನು ಜೋಡಿಸಿದಂತಿದ್ದ ವಾಹನಗಳೂ ಆ ದಿನಗಳಲ್ಲಿ ಬಳಕೆಗೆ ಬಂದವು. ಮೋಟಾರು, ಪೆಡಲು ಎರಡನ್ನೂ ಹೊಂದಿದ್ದ ಇವುಗಳಿಗೆ ಆ ಎರಡು ಪದಗಳ ತುಣುಕುಗಳನ್ನು ಕೂಡಿಸಿ 'ಮೊಪೆಡ್' ಎಂಬ ಹೆಸರು 1952ರಲ್ಲಿ ಸ್ವೀಡನ್ ದೇಶದಲ್ಲಿ ಹುಟ್ಟಿತು. ನಮ್ಮ ದೇಶದಲ್ಲಿ ಸ್ಕೂಟರಿಗಾಗಿ ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲದಲ್ಲಿ, 1972ರಲ್ಲಿ, ಪುಣೆಯ ಕೈನೆಟಿಕ್ ಸಂಸ್ಥೆಯ 50 ಸಿ.ಸಿ. ಸಾಮರ್ಥ್ಯದ ಲೂನಾ ರಸ್ತೆಗಿಳಿಯಿತು. 1980ರಲ್ಲಿ ಕರ್ನಾಟಕದ ಗಡಿಯಾಚೆಗಿನ ಹೊಸೂರಿನಿಂದ, ಇಬ್ಬರು ಕುಳಿತು ಹೋಗಬಹುದಾದ ಟಿವಿಎಸ್ 50 ಹೊರಬಂದಿತು. ಹಳ್ಳಿಯ ಹಾಲು ಮಾರುವವರಿಂದ ಹಿಡಿದು ಶಾಲೆಯ ಉಪಾಧ್ಯಾಯರವರೆಗೆ ಸಾಮಾನ್ಯ ಜನರು ಯಂತ್ರದ ವಾಹನಕ್ಕೆ ಒಡೆಯರಾದದ್ದು ಇಂತಹ ಚಿಕ್ಕ ಗಾಡಿಗಳ ಮೂಲಕ. ಈಗ ಮೊಪೆಡ್ಡಿನ ಪೆಡಲು ಮಾಯವಾಗಿದೆ. ಯಂತ್ರದ ಸಾಮರ್ಥ್ಯ ಸುಮಾರು 100 ಸಿ.ಸಿ.ಗೆ ಏರಿದೆ. ಆದರೂ ತೆಂಗಿನಕಾಯಿಯ ಚೀಲ, ಹುಲ್ಲಿನ ಹೊರೆ, ಹಾಲಿನ ಕ್ಯಾನು ಹೊತ್ತು ಸಾಗುವ ಎಕ್ಸೆಲ್ ಗಾಡಿ ಸಿಂಧನೂರಿನ ಸಂತೆಯಲ್ಲಿ ಎಲ್ಲರಿಗೂ ಪರಿಚಿತವೇ.

ಚಿಕ್ಕ ಗಾಡಿಯ ಮುಖ್ಯ ಗುಣ ಅದನ್ನು ನಡೆಸುವುದರ ಸುಲಭತೆ. ಮೋಟಾರ್ ಸೈಕಲ್ಲಿನಲ್ಲಿ ಸವಾರನು ಕೈಯಿಂದ ಕ್ಲಚ್ ಹಿಡಿದು ಕಾಲಿನಿಂದ ಗೇರು ಬದಲಾಯಿಸುತ್ತಾನೆ. ಮೊಪೆಡ್ಡಿನಲ್ಲಿ ಈ ಕೆಲಸವನ್ನು ಯಂತ್ರವೇ ಮಾಡುತ್ತದೆ. ಯಂತ್ರವು ನಿಧಾನವಾಗಿ ತಿರುಗುತ್ತಿರುವಾಗ ಕ್ಲಚ್ಚಿನ ಒಳಗಿನ ಪಟ್ಟಿಗಳು ಮಡಚಿಕೊಂಡಿರುತ್ತವೆ. ಚಕ್ರಕ್ಕೆ ಬಲ ಮುಟ್ಟುವುದಿಲ್ಲ. ವೇಗ ಹೆಚ್ಚಿದಂತೆ ಅವು ಹೊರಕ್ಕೆ ಚಿಮ್ಮಿ ಸುತ್ತಲಿನ ಬಟ್ಟಲಿಗೆ ಒತ್ತಿಕೊಳ್ಳುತ್ತವೆ. ಆಗ ಬಟ್ಟಲೂ ತಿರುಗಿ ಗಾಡಿ ಮುಂದೆ ಸಾಗುತ್ತದೆ. ಕಲ್ಲು ಕಟ್ಟಿದ ದಾರವನ್ನು ಗರಗರ ತಿರುಗಿಸಿದಾಗ ಕಲ್ಲು ಹೊರಕ್ಕೆ ಎಳೆಯುವುದನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಗೇರಿಲ್ಲದ ಸ್ಕೂಟರಿನಲ್ಲಿ ಇದರೊಂದಿಗೆ ಎರಡು ರಾಟೆಗಳೂ ಒಂದು ಬೆಲ್ಟೂ ಇರುತ್ತವೆ. ವೇಗಕ್ಕೆ ತಕ್ಕಂತೆ ರಾಟೆಗಳ ಅಗಲ ಹಿಗ್ಗಿ ಕುಗ್ಗಿ, ಗೇರು ಬದಲಾಯಿಸಿದ ಪರಿಣಾಮ ತಾನಾಗಿಯೇ ಉಂಟಾಗುತ್ತದೆ. ಸವಾರರಿಗೆ ಉಳಿಯುವ ಕೆಲಸ ಎರಡೇ: ವೇಗ ಕೊಡುವುದು, ಬ್ರೇಕು ಹಾಕುವುದು. ಆದರೆ ನಡೆಸುವುದು ಸುಲಭವಾದ ಮಾತ್ರಕ್ಕೆ ಅದರಲ್ಲಿ ಸಂಚರಿಸುವುದು ಸುರಕ್ಷಿತವೆಂದು ಹೇಳುವಂತಿಲ್ಲ. ಇವೆರಡನ್ನೂ ಒಂದೇ ಎಂದು ಭಾವಿಸುವುದು ಅನೇಕರು ಮಾಡುವ ತಪ್ಪು.

ಗಾಡಿ ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ ಬೆಲೆ. ಆದರೆ ಅಂಗಡಿಯಲ್ಲಿ ಹೇಳುವ ಬೆಲೆಯು ಖರ್ಚಿನ ಒಂದು ಭಾಗ ಮಾತ್ರ. ಲೆಕ್ಕಕ್ಕೆಂದು ಕೆಲವು ಅಂಕಿಗಳನ್ನು ಇಟ್ಟುಕೊಳ್ಳಬಹುದು. ಗಾಡಿಗೆ 80,000 ರೂಪಾಯಿ ಕೊಟ್ಟು, ಹತ್ತು ವರ್ಷ ಬಳಸಿ, 20,000 ರೂಪಾಯಿಗೆ ಮಾರಿದರೆ ಕರಗಿದ ಮೊತ್ತ 60,000 ರೂಪಾಯಿ. ಎಂದರೆ ತಿಂಗಳಿಗೆ 500 ರೂಪಾಯಿ. ವಿಮೆ, ಸರ್ವೀಸು, ಟೈರು, ಪಂಕ್ಚರುಗಳಿಗೆ ವರ್ಷಕ್ಕೆ 6,000 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ ಇನ್ನೊಂದು 500 ರೂಪಾಯಿ. ಹೋಗಿ ಬರುವ ದಾರಿ ದಿನಕ್ಕೆ 28 ಕಿಲೋಮೀಟರ್. ಲೀಟರಿಗೆ 50 ಕಿಲೋಮೀಟರ್ ಓಡುವ ಗಾಡಿ, ಲೀಟರಿಗೆ 100 ರೂಪಾಯಿಯ ಪೆಟ್ರೋಲು ಎಂದರೆ ದಿನಕ್ಕೆ 56 ರೂಪಾಯಿ. ತಿಂಗಳಿಗೆ 24 ದಿನ ಓಡಿಸಿದರೆ 1,344 ರೂಪಾಯಿ. ಎಲ್ಲವನ್ನೂ ಕೂಡಿಸಿದರೆ ತಿಂಗಳ ಖರ್ಚು 2,344 ರೂಪಾಯಿ. ಸಾಲ ಮಾಡಿ ಕೊಂಡರೆ ಬಡ್ಡಿ ಬೇರೆ. ಅಂಕಿಗಳು ಊರಿನಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಆದರೆ ಲೆಕ್ಕ ಹಾಕುವ ಕ್ರಮ ಬದಲಾಗುವುದಿಲ್ಲ.

ವಿದ್ಯುತ್ ಸ್ಕೂಟರಿನ ಲೆಕ್ಕ ಬೇರೆ ರೀತಿಯದು. ಅದು ಒಂದು ಕಿಲೋಮೀಟರಿಗೆ ಸುಮಾರು 35 ವ್ಯಾಟ್-ಗಂಟೆಗಳಷ್ಟು ಶಕ್ತಿಯನ್ನು ಬಳಸುತ್ತದೆ ಎಂದು ಹಿಡಿದರೆ 28 ಕಿಲೋಮೀಟರಿಗೆ ಹೆಚ್ಚುಕಡಿಮೆ ಒಂದು ಯೂನಿಟ್ ವಿದ್ಯುತ್ತು ಸಾಕು. ದಿನದ ಖರ್ಚು ಬಹಳ ಕಡಿಮೆಯೆಂಬುದು ನಿಜ. ಆದರೆ ವರ್ಷಗಳು ಕಳೆದಂತೆ ಬ್ಯಾಟರಿಯ ಶಕ್ತಿ ಕುಂದುತ್ತದೆ. ಹೊಸ ಬ್ಯಾಟರಿಗೆ ದೊಡ್ಡ ಮೊತ್ತ ಬೇಕು. ಬಿರುಬಿಸಿಲಿನ ತಾಪವು ಬ್ಯಾಟರಿಯ ಆಯುಷ್ಯವನ್ನು ಕಡಿಮೆ ಮಾಡುತ್ತದೆ. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವ ಸೀಮೆಯಲ್ಲಿ ಇದನ್ನು ಗಮನಿಸಲೇಬೇಕು. ಅದನ್ನು ದುರಸ್ತಿ ಮಾಡಬಲ್ಲವರು ಹತ್ತಿರದಲ್ಲಿ ಇದ್ದಾರೆಯೇ ಎಂಬುದನ್ನೂ ವಿಚಾರಿಸಬೇಕು.

ಇನ್ನು ಬಸ್ಸಿನ ಖರ್ಚು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯ ಪ್ರಕಾರ ರಾಜ್ಯದ ಮಹಿಳೆಯರು ಸರ್ಕಾರಿ ಸಾರಿಗೆ ಸಂಸ್ಥೆಗಳ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಉಚಿತವಾಗಿ ಪ್ರಯಾಣ ಮಾಡಬಹುದು. ಆದ್ದರಿಂದ ಆ ಶಿಕ್ಷಕಿಗೆ ಬಸ್ಸಿನ ಖರ್ಚು ಸೊನ್ನೆ. ಗಾಡಿ ಕೊಂಡರೆ ಬಸ್ಸಿನ ಹಣ ಉಳಿಯುತ್ತದೆ ಎಂಬ ಸಾಮಾನ್ಯ ಸಮರ್ಥನೆ ಅವರ ವಿಷಯದಲ್ಲಿ ನಿಲ್ಲುವುದಿಲ್ಲ. ತಿಂಗಳಿಗೆ 2,344 ರೂಪಾಯಿ ಕೊಟ್ಟು ಅವರು ಕೊಳ್ಳುವುದು ಒಂದನ್ನೇ: ಹೊತ್ತು.

ಎಷ್ಟು ಹೊತ್ತು? ಬಸ್ಸನ್ನೇ ನಂಬಿದರೆ ಬೆಳಿಗ್ಗೆ ಎಂಟರಿಂದ ಸಂಜೆ ಏಳರವರೆಗೆ ಹನ್ನೊಂದು ಗಂಟೆ ಮನೆಯ ಹೊರಗೆ. ಸ್ಕೂಟರಿನಲ್ಲಾದರೆ ಅರ್ಧ ಗಂಟೆಯ ದಾರಿ. ಒಂಬತ್ತೂಕಾಲಿಗೆ ಹೊರಟು ಸಂಜೆ ಐದಕ್ಕೆ ಮನೆ ಸೇರಬಹುದು. ದಿನಕ್ಕೆ ಮೂರು ಗಂಟೆಗೂ ಹೆಚ್ಚು ಉಳಿತಾಯ. ತಿಂಗಳಿಗೆ ಸುಮಾರು 75 ಗಂಟೆ. ವಯಸ್ಸಾದ ತಾಯಿಗೆ ಹೊತ್ತಿಗೆ ಸರಿಯಾಗಿ ಔಷಧ ಕೊಡುವುದಕ್ಕೆ, ಮರುದಿನದ ಪಾಠವನ್ನು ಓದಿಕೊಳ್ಳುವುದಕ್ಕೆ, ಸ್ವಲ್ಪ ವಿಶ್ರಾಂತಿ ಪಡೆಯುವುದಕ್ಕೆ ಈ ಗಂಟೆಗಳು ದೊರೆಯುತ್ತವೆ. ಇದು ಅಲ್ಪವಾದ ಲಾಭವಲ್ಲ.

ಆದರೆ ಹೊತ್ತಿನ ಲೆಕ್ಕದಲ್ಲಿ ಮರೆತುಹೋಗಬಹುದಾದ ಒಂದು ಅಂಶವಿದೆ. ಶಾಲೆ ಬಿಟ್ಟ ಮೇಲೆ ಆರೂಕಾಲಿನ ಬಸ್ಸಿಗಾಗಿ ಕಾಯುವ ಆ ಒಂದೂಮುಕ್ಕಾಲು ಗಂಟೆಯಲ್ಲಿ ಶಿಕ್ಷಕಿ ಸುಮ್ಮನೆ ಕುಳಿತಿರುವುದಿಲ್ಲ. ಓದಿನಲ್ಲಿ ಹಿಂದುಳಿದ ಐದಾರು ಮಕ್ಕಳು ಶಾಲೆಯ ಕಟ್ಟೆಯ ಮೇಲೆ ಅವರ ಸುತ್ತ ಕೂಡುತ್ತಾರೆ. ಆ ಮಕ್ಕಳಲ್ಲಿ ಕೆಲವರ ಮನೆಯ ಮಾತು ತೆಲುಗು, ಕೆಲವರದು ಬಂಗಾಳಿ. ಒತ್ತಕ್ಷರ ತಪ್ಪದೆ ಕನ್ನಡ ಓದಲು ಅವರು ಕಲಿತದ್ದು ತರಗತಿಯಲ್ಲಿ ಅಲ್ಲ, ಈ ಕಾಯುವ ಹೊತ್ತಿನಲ್ಲಿ. ಯಾರೂ ಇದನ್ನು ವೇಳಾಪಟ್ಟಿಯಲ್ಲಿ ಬರೆದಿಲ್ಲ. ಯಾರೂ ಇದಕ್ಕೆ ಸಂಬಳ ಕೊಡುವುದಿಲ್ಲ. ಸ್ಕೂಟರು ಬಂದರೆ ಮೊದಲು ನಿಲ್ಲುವುದು ಈ ಪಾಠ. ಒಬ್ಬರ ಲೆಕ್ಕದಲ್ಲಿ ವ್ಯರ್ಥವಾದ ಹೊತ್ತು ಇನ್ನೊಬ್ಬರ ಲೆಕ್ಕದಲ್ಲಿ ಬದುಕಿನ ಬುನಾದಿಯಾಗಿರಬಹುದು. ಆದ್ದರಿಂದ ಲಾಭನಷ್ಟದ ಪಟ್ಟಿಯನ್ನು ಬರೆಯುವಾಗ ತನ್ನೊಬ್ಬರದನ್ನೇ ಬರೆದುಕೊಂಡರೆ ಅದು ಅಪೂರ್ಣವಾಗುತ್ತದೆ.

ಹಣ, ಹೊತ್ತುಗಳ ನಂತರ ವಿಚಾರಿಸಬೇಕಾದುದು ಅಪಾಯ. 2022ರಲ್ಲಿ ಭಾರತದಲ್ಲಿ ರಸ್ತೆ ಅಪಘಾತಗಳಿಂದ 1,68,491 ಜನರು ಮಡಿದರು. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನಗಳಲ್ಲಿ ಸಾಗುತ್ತಿದ್ದವರು. ಬಸ್ಸಿನಲ್ಲಿ ಕುಳಿತವರ ಸುತ್ತ ಉಕ್ಕಿನ ಗೋಡೆಯಿರುತ್ತದೆ. ದ್ವಿಚಕ್ರದ ಸವಾರರಿಗೆ ಅವರ ಮೈಯೇ ಗೋಡೆ.

ಈ ಅಪಾಯವು ವೇಗದೊಂದಿಗೆ ಹೇಗೆ ಬೆಳೆಯುತ್ತದೆ ಎಂಬುದನ್ನು ವಿಜ್ಞಾನದ ಪಾಠದ ನೆರವಿನಿಂದ ತಿಳಿಯಬಹುದು. ಚಲಿಸುವ ವಸ್ತುವಿನ ಚಲನಶಕ್ತಿಯು ಅದರ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟಾಗುತ್ತದೆ. ಅದನ್ನು ಅಡಗಿಸಲು ಬ್ರೇಕಿಗೆ ನಾಲ್ಕರಷ್ಟು ದೂರ ಬೇಕಾಗುತ್ತದೆ. ಅಡ್ಡಬಂದ ಎಮ್ಮೆಯನ್ನು ಕಂಡು ಬ್ರೇಕು ಹಾಕುವಷ್ಟರಲ್ಲಿ ಒಂದು ಸೆಕೆಂಡು ಕಳೆಯುತ್ತದೆ ಎಂದೂ, ಒಣ ರಸ್ತೆಯಲ್ಲಿ ಬ್ರೇಕು ಸೆಕೆಂಡಿಗೆ 5 ಮೀಟರಿನಂತೆ ವೇಗವನ್ನು ತಗ್ಗಿಸುತ್ತದೆ ಎಂದೂ ಇಟ್ಟುಕೊಳ್ಳಬಹುದು. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಆ ಒಂದು ಸೆಕೆಂಡಿನಲ್ಲಿ ಗಾಡಿ 8 ಮೀಟರ್ ಸಾಗುತ್ತದೆ. ಬ್ರೇಕು ಹಾಕಿದ ಮೇಲೆ ಇನ್ನೂ 7 ಮೀಟರ್. ಒಟ್ಟು 15 ಮೀಟರ್. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಮೊದಲು 17 ಮೀಟರ್, ಅನಂತರ 28 ಮೀಟರ್. ಒಟ್ಟು 45 ಮೀಟರ್. ವೇಗ ಎರಡರಷ್ಟು, ನಿಲ್ಲಲು ಬೇಕಾದ ದೂರ ಮೂರರಷ್ಟು. ರಸ್ತೆ ಒದ್ದೆಯಾಗಿದ್ದರೆ ಈ ದೂರ ಮತ್ತಷ್ಟು ಹೆಚ್ಚುತ್ತದೆ.

ಸಿಂಧನೂರು ಸೀಮೆಯ ರಸ್ತೆಗಳಿಗೆ ಅವುಗಳದೇ ಆದ ಕೆಲವು ಗುಣಗಳಿವೆ. ನಾಟಿಯ ದಿನಗಳಲ್ಲಿ ಕೆಸರುಗದ್ದೆಯಿಂದ ಮೇಲೆ ಬಂದ ಟ್ರ್ಯಾಕ್ಟರಿನ ಗಾಲಿಗಳು ಎರೆಮಣ್ಣಿನ ಹೆಂಟೆಗಳನ್ನು ಡಾಂಬರಿನ ಮೇಲೆ ಉದುರಿಸುತ್ತವೆ. ಒಣಗಿದರೆ ಅವು ಕಲ್ಲಿನಂತೆ, ನೆನೆದರೆ ಎಣ್ಣೆಯಂತೆ. ಸುಗ್ಗಿಯಲ್ಲಿ ರಸ್ತೆಯ ಒಂದು ಮಗ್ಗುಲಲ್ಲಿ ಕಾಳು ಒಣಹಾಕಿ ಸುತ್ತ ಕಲ್ಲು ಇಡುವ ರೂಢಿ ಇದೆ. ಭತ್ತ ಹೇರಿದ ಟ್ರೇಲರುಗಳಲ್ಲಿ ಎಷ್ಟೋ ಬಾರಿ ಹಿಂದಿನ ದೀಪವಿರುವುದಿಲ್ಲ. ಮಬ್ಬುಗತ್ತಲಲ್ಲಿ ಅವು ಹತ್ತಿರ ಬರುವವರೆಗೂ ಕಾಣುವುದಿಲ್ಲ. ಗಾಲಿಯ ಗಾತ್ರವೂ ಇಲ್ಲಿ ಮುಖ್ಯ. ಸ್ಕೂಟರುಗಳ ಗಾಲಿ ಸಾಮಾನ್ಯವಾಗಿ 10 ಅಥವಾ 12 ಅಂಗುಲದ್ದು. ಮೊಪೆಡ್ಡಿನ ಗಾಲಿ 16 ಅಂಗುಲದ್ದು. ಗುಂಡಿ ಎದುರಾದಾಗ ಚಿಕ್ಕ ಗಾಲಿ ಅದರೊಳಗೆ ಆಳವಾಗಿ ಇಳಿದು ಎದುರಿನ ಅಂಚಿಗೆ ಬಲವಾಗಿ ಬಡಿಯುತ್ತದೆ. ದೊಡ್ಡ ಗಾಲಿ ಹೆಚ್ಚು ಇಳಿಯದೆ ಉರುಳಿ ದಾಟುತ್ತದೆ. ಕಾಲುವೆಯ ದಾರಿಯಲ್ಲಿ ಹಳೆಯ ಮಾದರಿಯ ಮೊಪೆಡ್ಡು ಹೊಸ ಸ್ಕೂಟರಿಗಿಂತ ಸಲೀಸಾಗಿ ಸಾಗುವುದಕ್ಕೆ ಇದೇ ಕಾರಣ. ಆದರೆ ಅದೇ ಹಗುರವಾದ ಗಾಡಿ ಹೆದ್ದಾರಿಯಲ್ಲಿ ಲಾರಿಯೊಂದು ರಭಸದಿಂದ ಪಕ್ಕದಲ್ಲಿ ಹಾದುಹೋದಾಗ ಆ ಗಾಳಿಯ ಹೊಡೆತಕ್ಕೇ ಓಲಾಡುತ್ತದೆ. ಒಂದೇ ವಾಹನವು ಒಂದು ರಸ್ತೆಗೆ ಯೋಗ್ಯವಾಗಿಯೂ ಇನ್ನೊಂದಕ್ಕೆ ಅಯೋಗ್ಯವಾಗಿಯೂ ಇರಬಹುದು.

ಅಪಾಯವನ್ನು ಪೂರ್ತಿ ಇಲ್ಲವಾಗಿಸುವುದು ಸಾಧ್ಯವಿಲ್ಲ, ತಗ್ಗಿಸುವುದು ಸಾಧ್ಯ. ಹೆಲ್ಮೆಟ್ಟು ಧರಿಸುವುದರಿಂದ ಅಪಘಾತದಲ್ಲಿ ಸಾವಿನ ಸಂಭವವು ನೂರಕ್ಕೆ ಸುಮಾರು 42ರಷ್ಟೂ, ತಲೆಗೆ ಪೆಟ್ಟಾಗುವ ಸಂಭವವು ನೂರಕ್ಕೆ ಸುಮಾರು 69ರಷ್ಟೂ ಕಡಿಮೆಯಾಗುತ್ತದೆಂದು ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ಪರಿಶೀಲನೆಯೊಂದು ತೋರಿಸಿದೆ. ಆದರೆ ಅದು ಐ.ಎಸ್.ಐ. ಗುರುತಿನದಾಗಿರಬೇಕು, ಗದ್ದದ ಪಟ್ಟಿಯನ್ನು ಬಿಗಿದಿರಬೇಕು. ಹ್ಯಾಂಡಲಿಗೆ ತೂಗುಹಾಕಿದ ಹೆಲ್ಮೆಟ್ಟು ಯಾರ ತಲೆಯನ್ನೂ ಕಾಯುವುದಿಲ್ಲ. ಸೆರಗನ್ನೂ ವೇಲನ್ನೂ ಗಾಲಿಗೆ ಸಿಗದಂತೆ ಬಿಗಿಯಾಗಿ ಕಟ್ಟಿಕೊಳ್ಳಬೇಕು. ಕತ್ತಲಾಗುವ ಮುನ್ನ ಹೆದ್ದಾರಿಯನ್ನು ಬಿಡಬೇಕು.

ಕಾಯಿದೆಯ ವಿಷಯವನ್ನೂ ಇಲ್ಲಿ ತಿಳಿದಿರಬೇಕು. 1988ರ ಮೋಟಾರು ವಾಹನಗಳ ಕಾಯಿದೆಯ ಪ್ರಕಾರ ವಾಹನ ನಡೆಸಲು 18 ವರ್ಷ ತುಂಬಿರಬೇಕು. 50 ಸಿ.ಸಿ. ಮೀರದ ದ್ವಿಚಕ್ರ ವಾಹನಕ್ಕೆ ಮಾತ್ರ 16 ವರ್ಷ ಸಾಕೆಂಬ ರಿಯಾಯಿತಿ ಇದೆ. ಆದರೆ ಇಂದಿನ 100 ಸಿ.ಸಿ. ಮೊಪೆಡ್ಡಿಗೆ ಅದು ಅನ್ವಯಿಸುವುದಿಲ್ಲ. ಲೈಸೆನ್ಸು, ನೋಂದಣಿ, ವಿಮೆ ಇವು ಕಡ್ಡಾಯ. ಗಾಡಿಯಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿ ಕೂಡುವಂತಿಲ್ಲ. 2019ರ ತಿದ್ದುಪಡಿಯ ಬಳಿಕ, ವಯಸ್ಸು ತುಂಬದ ಮಕ್ಕಳು ವಾಹನ ನಡೆಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಒಡೆಯರಿಗೆ ಮೂರು ವರ್ಷಗಳವರೆಗೆ ಸೆರೆವಾಸವೂ 25,000 ರೂಪಾಯಿ ದಂಡವೂ ವಿಧಿಸಲ್ಪಡಬಹುದು. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದಾಗುತ್ತದೆ. ಆ ಬಾಲಕ ಅಥವಾ ಬಾಲಕಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸು ದೊರೆಯುವುದಿಲ್ಲ. ತಂದೆಯ ಎಕ್ಸೆಲ್ ಗಾಡಿಯನ್ನು ಹೊಲದವರೆಗೆ ತಾನೇ ಓಡಿಸಿಕೊಂಡು ಹೋಗುವ ಹುಡುಗನಿಗೆ ಇದು ಕಟುವಾಗಿ ತೋರಬಹುದು. ಆದರೆ ಈ ಕಾಯಿದೆಯ ಹಿಂದೆ ಇರುವುದು ಹೆದ್ದಾರಿಗಳಲ್ಲಿ ಕಳೆದುಹೋದ ಎಳೆಯ ಜೀವಗಳ ನೆನಪು.

ಹಣ, ಹೊತ್ತು, ಅಪಾಯ, ಕಾಯಿದೆ ಎಲ್ಲವನ್ನೂ ತೂಗಿದ ಮೇಲೆ ಆ ಶಿಕ್ಷಕಿ ತಮ್ಮ ತಾಯಿಯೊಡನೆ ಮಾತನಾಡಿದರೆನ್ನೋಣ. ತಾಯಿ ಅಂಕಿಸಂಖ್ಯೆಗಳನ್ನು ಕೇಳಲಿಲ್ಲ. "ಬಸ್ಸು ತಡ ಆದ್ರ ದಾರಿ ನೋಡ್ತೀನಿ, ಗಾಡಿ ತಡ ಆದ್ರ ಜೀವ ಕೈಯಾಗ ಹಿಡ್ಕೊಂಡು ಕುಂದ್ರಬೇಕಾಗ್ತದಲ್ಲವ್ವ," ಎಂದಷ್ಟೇ ಅಂದರು. ಮನೆಯಲ್ಲಿ ಕಾಯುವವರ ಮನಸ್ಸಿನ ಭಾರ ಯಾವ ತಿಂಗಳ ಲೆಕ್ಕದಲ್ಲಿಯೂ ಬರುವುದಿಲ್ಲ. ಆದರೆ ಅದೂ ಒಂದು ಖರ್ಚೇ.

ಹಾಗಾದರೆ ಗಾಡಿಯ ವಿಚಾರವನ್ನೇ ಕೈಬಿಡಬೇಕೆ? ಹಾಗೇನೂ ಇಲ್ಲ. ಪ್ರಶ್ನೆಯನ್ನು 'ಗಾಡಿ ಬೇಕೋ ಬೇಡವೋ' ಎಂದು ಒಟ್ಟಾಗಿ ಕೇಳಿದಾಗ ಉತ್ತರ ಕಠಿಣವಾಗುತ್ತದೆ. ದಾರಿಯನ್ನು ಬಿಡಿಸಿ ನೋಡಿದರೆ ಅದು ಸರಳವಾಗುತ್ತದೆ. ಹದಿನಾಲ್ಕು ಕಿಲೋಮೀಟರಿನಲ್ಲಿ ಹೆಚ್ಚಿನ ಅಪಾಯ ಎಲ್ಲಿದೆ? ಲಾರಿ, ಬಸ್ಸುಗಳು ವೇಗವಾಗಿ ಓಡುವ ಮೊದಲ ಹತ್ತು ಕಿಲೋಮೀಟರಿನಲ್ಲಿ. ಹೊತ್ತು ಎಲ್ಲಿ ಹಾಳಾಗುತ್ತಿದೆ? ದಿನಕ್ಕೆ ಎರಡೇ ಬಾರಿ ಬಸ್ಸು ಬರುವ ಕೊನೆಯ ನಾಲ್ಕು ಕಿಲೋಮೀಟರಿನಲ್ಲಿ. ಅಪಾಯವಿರುವೆಡೆ ಬಸ್ಸುಗಳು ಬೇಕಾದಷ್ಟಿವೆ. ಬಸ್ಸಿಲ್ಲದೆಡೆ ಅಪಾಯ ಕಡಿಮೆ. ಅಂದಮೇಲೆ ಹತ್ತು ಕಿಲೋಮೀಟರನ್ನು ಬಸ್ಸಿನಲ್ಲಿ, ನಾಲ್ಕು ಕಿಲೋಮೀಟರನ್ನು ಚಿಕ್ಕ ಗಾಡಿಯಲ್ಲಿ ಕ್ರಮಿಸಬಹುದಲ್ಲವೆ?

ಈ ಏರ್ಪಾಡಿನ ಲೆಕ್ಕ ಹೀಗೆ. ಮೊಪೆಡ್ಡನ್ನು ರಾತ್ರಿ ಕ್ರಾಸಿನಲ್ಲಿ ಪರಿಚಿತರ ಮನೆಯ ಅಂಗಳದಲ್ಲಿ ಬೀಗ ಹಾಕಿ ನಿಲ್ಲಿಸಬೇಕು. ಬೆಳಿಗ್ಗೆ ಒಂಬತ್ತು ಗಂಟೆಗೆ ಮನೆ ಬಿಟ್ಟು, ಹೆದ್ದಾರಿಯ ಬಸ್ಸು ಹಿಡಿದು, ಕ್ರಾಸಿನಲ್ಲಿ ಇಳಿದು, ಗಾಡಿಯೇರಿದರೆ ಮುಕ್ಕಾಲು ಗಂಟೆಯಲ್ಲಿ ಶಾಲೆ. ಸಂಜೆ ಐದೂಕಾಲಿಗೆ ಮನೆ. ದಿನಕ್ಕೆ ಎರಡೂವರೆ ಗಂಟೆಗೂ ಹೆಚ್ಚು ಉಳಿತಾಯ. ಎಂದರೆ ಗಾಡಿಯಲ್ಲಿಯೇ ಪೂರ್ತಿ ಸಾಗಿದ್ದರೆ ಉಳಿಯುತ್ತಿದ್ದ ಹೊತ್ತಿನ ಬಹುಭಾಗ ಇಲ್ಲಿಯೂ ಉಳಿಯಿತು. ಗಾಡಿ ಓಡುವುದು ದಿನಕ್ಕೆ 8 ಕಿಲೋಮೀಟರ್ ಮಾತ್ರ. ಪೆಟ್ರೋಲಿಗೆ ತಿಂಗಳಿಗೆ 1,344 ರೂಪಾಯಿಯ ಬದಲು 384 ರೂಪಾಯಿ. ಎಲ್ಲಕ್ಕಿಂತ ಮಿಗಿಲಾಗಿ ದಿನಕ್ಕೆ 20 ಕಿಲೋಮೀಟರ್ ಹೆದ್ದಾರಿಯ ಸವಾರಿ ತಪ್ಪಿತು. ಮೊಪೆಡ್ಡು ಹುಟ್ಟಿದ್ದೇ ಇಂತಹ ಕಿರುದೂರಕ್ಕಾಗಿ. ಆ ಸಣ್ಣ ಯಂತ್ರವನ್ನು ಅದರ ಮೂಲ ಕೆಲಸಕ್ಕೇ ಹಚ್ಚಿದಂತಾಯಿತು.

ಇದರಲ್ಲಿ ಕೊರತೆಗಳೇ ಇಲ್ಲವೆಂದಲ್ಲ. ಗಾಡಿ ಕ್ರಾಸಿನಲ್ಲಿ ಇರುವುದರಿಂದ ರಾತ್ರಿ ತಾಯಿಗೆ ಜ್ವರ ಬಂದರೆ ಆಸ್ಪತ್ರೆಗೆ ಆಟೋ ಕರೆಯಬೇಕು. ಹೆದ್ದಾರಿಯ ಬಸ್ಸು ತುಂಬಿ ಬಂದರೆ ನಿಂತು ಹೋಗಬೇಕು. ಜೋರಾಗಿ ಮಳೆ ಬಂದು ಕಾಲುವೆಯ ದಾರಿ ಕೆಸರಾದ ದಿನ ಗಾಡಿಯನ್ನು ಬಿಟ್ಟು ಹಳೆಯ ಬಸ್ಸನ್ನೇ ಹಿಡಿಯಬೇಕು. ದೋಷವಿಲ್ಲದ ಆಯ್ಕೆ ಜಗತ್ತಿನಲ್ಲಿ ವಿರಳ. ಯಾವ ದೋಷವನ್ನು ಸಹಿಸಬಹುದು, ಯಾವುದನ್ನು ಸಹಿಸಲಾಗದು ಎಂಬುದನ್ನು ಅರಿಯುವುದೇ ವಿವೇಕ. ಆಟೋದ ಬಾಡಿಗೆಯನ್ನು ಇನ್ನೊಮ್ಮೆ ಗಳಿಸಬಹುದು. ಹೆದ್ದಾರಿಯಲ್ಲಿ ಕಳೆದುಕೊಂಡದ್ದನ್ನು ಗಳಿಸಲಾಗದು.

ಇನ್ನು ಕಟ್ಟೆಯ ಮೇಲಿನ ಆ ಐದಾರು ಮಕ್ಕಳು. ಅವರ ಪಾಠ ನಿಲ್ಲಬೇಕಾಗಿಲ್ಲ. ಆರೂಕಾಲಿನ ಬಸ್ಸಿನ ಹಂಗು ತಪ್ಪಿದ ಮೇಲೆ ಶಿಕ್ಷಕಿ ಎಷ್ಟು ಹೊತ್ತು ಉಳಿಯಬೇಕೆಂಬುದನ್ನು ತಾವೇ ನಿರ್ಧರಿಸಬಹುದು. ವಾರದಲ್ಲಿ ಎರಡು ದಿನ ಐದೂವರೆಯವರೆಗೆ ನಿಂತು ಓದಿಸಿ, ಬೆಳಕಿರುವಾಗಲೇ ಕ್ರಾಸು ತಲುಪಿ ಬಸ್ಸು ಹಿಡಿಯಬಹುದು. ಮೊದಲು ಆ ಪಾಠ ಬಸ್ಸಿನ ವಿಳಂಬದಿಂದ ಆಕಸ್ಮಿಕವಾಗಿ ದೊರೆಯುತ್ತಿತ್ತು; ಇನ್ನು ಮುಂದೆ ಅದು ಸಂಕಲ್ಪದಿಂದ ದೊರೆಯುತ್ತದೆ.

ಈ ನಿರ್ಧಾರ ಎಲ್ಲರಿಗೂ ಹೊಂದುವುದಿಲ್ಲ. ಟಿಕೇಟಿಗೆ ಹಣ ಕೊಡಬೇಕಾದ ಪುರುಷ ನೌಕರನ ಲೆಕ್ಕ ಬೇರೆ. ರಾತ್ರಿ ಪಾಳಿ ಮುಗಿಸಿ ಬರುವ ದಾದಿಯ ಲೆಕ್ಕ ಬೇರೆ. ಮೂರೇ ಕಿಲೋಮೀಟರ್ ದೂರದಲ್ಲಿ ಕೆಲಸವಿದ್ದು ಸೈಕಲ್ಲೇ ಸಾಕಾಗುವವರ ಲೆಕ್ಕ ಬೇರೆ. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆ ಹಣಕ್ಕೆ ಮಾತ್ರ ಸಂಬಂಧಿಸಿದ್ದಲ್ಲ, ದಾರಿಗೂ ಸಂಬಂಧಿಸಿದ್ದು. ನೆರೆಮನೆಯವರು ಕೊಂಡರೆಂದು ಗಾಡಿ ಕೊಳ್ಳುವುದೂ, ಯಾರೋ ಬಿದ್ದರೆಂದು ಗಾಡಿಯನ್ನೇ ತೊರೆಯುವುದೂ ಎರಡೂ ವಿಚಾರವಿಲ್ಲದ ನಡೆಗಳು. ತನ್ನ ದಾರಿಯನ್ನು ತಾನೇ ಅಳೆದು, ಅದರ ಒಂದೊಂದು ಭಾಗಕ್ಕೂ ತಕ್ಕ ವಾಹನವನ್ನು ಆರಿಸಿಕೊಂಡು, ಒಂದು ಮಳೆಗಾಲ ಕಳೆದ ಮೇಲೆ ಅದೇ ಲೆಕ್ಕವನ್ನು ಮತ್ತೊಮ್ಮೆ ಪರಿಶೀಲಿಸುವವರು ಜಾಣರು. ಅಂತಹವರು ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ತಲುಪುತ್ತಾರೆ. ಸಂಜೆ, ದಾರಿ ನೋಡುತ್ತಿರುವವರ ಬಳಿಗೆ ಕ್ಷೇಮವಾಗಿ ಮರಳುತ್ತಾರೆ.